ಗೋರಿಗಲ್ಲು ಮತ್ತು ಹೆಳವರ ಪುಸ್ತಕ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಲಗ್ನದ ಮಾತು ಬಂದಾಗ ಹಿರಿಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ‘ನಿಮ್ಮ ಬೆಡಗ ಯಾವುದರಿ?’ ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಡುವುದು ತರುವುದು ಆಗುವುದಿಲ್ಲ. ಈಗಿನ ಹುಡುಗರಿಗೆ ಈ ಪ್ರಶ್ನೆಗೆ ಉತ್ತರ ತಿಳಿದಿರುವುದು ಕಡಿಮೆ. ಕೆಲವೊಮ್ಮೆ ಅವರ ಅಪ್ಪಂದಿರಿಗೂ ತಿಳಿದಿರುವುದಿಲ್ಲ. ಆಗ ಯಾರಾದರೊಬ್ಬರು ಅನ್ನುತ್ತಾರೆ: ‘ನಮ್ಮ ಮುತ್ಯಾಗ ಗೊತ್ತಿತ್ತರಿ, ನಮಗ ನೆಪ್ಪಿಲ್ಲ. ಹೆಳವ ಬಂದಾಗ ಕೇಳಬೇಕು.’

ಎಷ್ಟೋ ಸಲ ಕೇಳಿ ಸುಮ್ಮನಾಗುವ ಮಾತು ಇದು. ಇದನ್ನು ಹಿಡಿದುಕೊಂಡು ಸ್ವಲ್ಪ ಯೋಚಿಸಿದರೆ ಒಂದು ದೊಡ್ಡ ಸಂಗತಿ ಎದುರಾಗುತ್ತದೆ. ಮನೆಯ ಹಿರಿಯರ ಹೆಸರು ಆ ಮನೆಯಲ್ಲಿ ಇಲ್ಲ. ಅದು ಇನ್ನೊಬ್ಬರ ಪುಸ್ತಕದಲ್ಲಿದೆ. ಆ ಇನ್ನೊಬ್ಬರು ಸುಗ್ಗಿ ಮುಗಿದ ಮೇಲೆ ಯಾವಾಗಲೋ ಒಂದು ಬೆಳಗ್ಗೆ ಬರುತ್ತಾರೆ. ಬರದೇ ಹೋದರೆ?

ಪೂರ್ವಜರನ್ನು ಹುಡುಕುವುದು ಈಗ ಜಗತ್ತಿನ ತುಂಬ ನಡೆಯುತ್ತಿರುವ ಕೆಲಸ. ಇಂಗ್ಲೆಂಡಿನವರೋ ಜರ್ಮನಿಯವರೋ ತಮ್ಮ ಮುತ್ತಜ್ಜನ ಅಜ್ಜನನ್ನು ಹುಡುಕಲು ಹೊರಟರೆ ಮೊದಲು ಹೋಗುವುದು ಊರ ಚರ್ಚಿನ ಅಂಗಳಕ್ಕೆ. ಅಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಹೆಸರು, ಸತ್ತ ದಿನ, ಎಷ್ಟು ವಯಸ್ಸಾಗಿತ್ತು ಎಂಬುದು ಇರುತ್ತದೆ. ವಯಸ್ಸನ್ನು ಕಳೆದರೆ ಹುಟ್ಟಿದ ವರ್ಷ ಸುಮಾರಾಗಿ ಸಿಗುತ್ತದೆ. ಆ ವರ್ಷ ಹಿಡಿದು ಚರ್ಚಿನ ಜ್ಞಾನಸ್ನಾನದ ಪುಸ್ತಕ ತೆರೆದರೆ ಮಗುವಿನ ಹೆಸರಿನ ಪಕ್ಕದಲ್ಲಿ ತಂದೆಯ ಹೆಸರು. ಅಲ್ಲಿಂದ ತಂದೆಯ ಮದುವೆಯ ದಾಖಲೆ. ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್ಷೂ ಜ್ಞಾನಸ್ನಾನ, ಮದುವೆ, ಮಣ್ಣು ಇವುಗಳ ಲೆಕ್ಕ ಇಡಬೇಕೆಂದು ಆಜ್ಞೆ ಮಾಡಿದ. ಕ್ಯಾಥೊಲಿಕ್ ಚರ್ಚಿನಲ್ಲಿ 1563ರ ಟ್ರೆಂಟ್ ಸಭೆಯ ನಿರ್ಣಯದಿಂದ ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕಗಳು ಕಡ್ಡಾಯವಾದವು. ರಾಜನಿಗೂ ಪೋಪನಿಗೂ ಅವರವರ ಕಾರಣಗಳಿದ್ದವು. ಆದರೆ ಪರಿಣಾಮವಾಗಿ ನಾಲ್ಕೂವರೆ ನೂರು ವರ್ಷ ಹಿಂದಿನ ಒಬ್ಬ ಸಾಮಾನ್ಯ ರೈತನ ಹೆಸರೂ ಕಾಗದದ ಮೇಲೆ ಉಳಿಯಿತು.

ಆ ಪದ್ಧತಿ ಕಂಪನಿ ಸರ್ಕಾರದ ಬೆನ್ನಿಗೆ ನಮ್ಮ ಕಡೆಗೂ ಬಂತು. ಬೆಳಗಾವಿ ಕೋಟೆ 1818ರಲ್ಲಿ ಇಂಗ್ಲಿಷರ ಕೈಸೇರಿದ ಮೇಲೆ ಅಲ್ಲಿ ದಂಡು ಬೀಡುಬಿಟ್ಟಿತು. ದಂಡಿನ ಜೊತೆ ಪಾದ್ರಿಗಳು, ಪಾದ್ರಿಗಳ ಜೊತೆ ಪುಸ್ತಕಗಳು. ಮುಂಬಯಿ ಇಲಾಖೆಯ ಚರ್ಚುಗಳಲ್ಲಿ ಬರೆದ ಜ್ಞಾನಸ್ನಾನ, ಮದುವೆ, ಮಣ್ಣಿನ ವಿವರಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಇವತ್ತಿಗೂ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬಂಗಾಳ, ಮದ್ರಾಸು, ಮುಂಬಯಿ ಈ ಮೂರು ಇಲಾಖೆಗಳಿಗೂ ಬೇರೆ ಬೇರೆ ಸಾಲುಗಳು. ಬೆಳಗಾವಿಯಲ್ಲಿ ಜ್ವರ ಬಂದು ಸತ್ತ ಒಬ್ಬ ಸಿಪಾಯಿಯನ್ನು ಅವನ ಮರಿಮೊಮ್ಮಗಳು ಇಂದು ಇನ್ನೊಂದು ಖಂಡದಲ್ಲಿ ಕುಳಿತು ಹುಡುಕಬಹುದು.

ಇದಕ್ಕೆ ನಮಗೆ ಹತ್ತಿರದ ಉದಾಹರಣೆ ಥ್ಯಾಕರೆ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಸತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ನಮ್ಮ ಲಾವಣಿಗಳಲ್ಲಿ, ನಾಟಕಗಳಲ್ಲಿ, ಸಿನಿಮಾದಲ್ಲಿ ಬರುವ ಸಾಹೇಬ. ಧಾರವಾಡದಲ್ಲಿ ಅವನ ನೆನಪಿನ ಕಲ್ಲು ನಿಂತಿದೆ. ಆ ಕಲ್ಲಿನಿಂದ ಹಿಂದಕ್ಕೆ ಹೋದರೆ ಒಂದು ಇಡೀ ಮನೆತನ ತೆರೆದುಕೊಳ್ಳುತ್ತದೆ. ಅವನ ತಂದೆ ಬಂಗಾಳದಲ್ಲಿ ಕಂಪನಿಯ ನೌಕರ. ಅಣ್ಣ ರಿಚ್ಮಂಡ್ 1815ರಲ್ಲಿ ಕಲ್ಕತ್ತೆಯಲ್ಲಿ ಸತ್ತ. ಆ ರಿಚ್ಮಂಡನ ಮಗನೇ 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಅಂದರೆ ಕಿತ್ತೂರಿನಲ್ಲಿ ಸತ್ತವನು ‘ವ್ಯಾನಿಟಿ ಫೇರ್’ ಬರೆದವನ ಚಿಕ್ಕಪ್ಪ. ಈ ಮನೆತನದ ಮೇಲೆ ಡಬ್ಲ್ಯು. ಡಬ್ಲ್ಯು. ಹಂಟರ್ 1897ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅದರ ಹೆಸರಿನಲ್ಲೇ ಕಲ್ಕತ್ತೆಯ ಗೋರಿಗಳು ಬರುತ್ತವೆ.

ಈಗ ಅದೇ ದಿನ ಕೋಟೆಯ ಒಳಗಿನಿಂದ ಹೊರಬಿದ್ದು ಕಾದಿದವರನ್ನು ನೆನೆಯೋಣ. ಅಮಟೂರು ಬಾಳಪ್ಪನ ಹೆಸರು ಉಳಿದಿದೆ. ಮುಂದೆ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನಿಗೆ ಸಮಾಧಿಯಿದೆ, ಅದರ ಮೇಲೆ ಆಲದ ಮರವಿದೆ, ಊರೂರಲ್ಲಿ ಲಾವಣಿಯಿದೆ. ಆದರೆ ಅವರ ಜೊತೆ ನಿಂತ ನೂರಾರು ಜನ? ಅವರಿಗೆ ಕಲ್ಲಿಲ್ಲ, ಚರ್ಚಿನ ಪುಸ್ತಕವಿಲ್ಲ. ಇಂದು ಯಾರಾದರೂ ‘ನಮ್ಮ ಹಿರಿಯರೊಬ್ಬರು ಕಿತ್ತೂರ ದಂಡಿನಾಗ ಇದ್ದರಂತ’ ಎಂದರೆ ಆ ‘ಅಂತ’ ಎಂಬುದನ್ನು ದಾಟಿ ಮುಂದೆ ಹೋಗುವ ದಾರಿ ಯಾವುದು?

ಕಲ್ಲಿನಲ್ಲಿ ಹೆಸರು ಕೆತ್ತುವುದು ನಮ್ಮವರಿಗೆ ಗೊತ್ತಿರಲಿಲ್ಲ ಎಂದಲ್ಲ. ಗೋಕಾಕದಲ್ಲೇ ಸಿಕ್ಕ ಹಳೆಯ ತಾಮ್ರಪಟವೊಂದು ದೆಜ್ಜ ಮಹಾರಾಜನೆಂಬ ರಾಷ್ಟ್ರಕೂಟ ಅರಸನ ಕಾಲದ್ದು. ಅದರಲ್ಲಿ ದಾನ ಕೊಟ್ಟವನು ಸೇಂದ್ರಕ ಮನೆತನದ ಇಂದ್ರನಂದ. ತಾನು ವಿಜಯಾನಂದ ಮಧ್ಯಮರಾಜನ ಮಗ ಎಂದು ಅವನು ಹೇಳಿಸಿಕೊಂಡಿದ್ದಾನೆ. ಬೆಳಗಾವಿ ನಾಡನ್ನು ಆಳಿದ ರಟ್ಟರ ಶಾಸನಗಳಲ್ಲೂ ವಂಶಾವಳಿ ಬರುತ್ತದೆ. ಊರ ಹೊರಗಿನ ವೀರಗಲ್ಲುಗಳಲ್ಲಿ ದನಕ್ಕಾಗಿ, ಗಡಿಗಾಗಿ ಸತ್ತವರಿದ್ದಾರೆ. ಜೈನರ ನಿಸಿಧಿಗಲ್ಲುಗಳು ನಮ್ಮ ಗೋರಿಗಲ್ಲುಗಳಿಗೆ ತೀರ ಹತ್ತಿರದವು. ವ್ರತ ಹಿಡಿದು ದೇಹ ಬಿಟ್ಟವರ ಹೆಸರು, ಗುರುವಿನ ಹೆಸರು, ತಿಥಿ ಅವುಗಳಲ್ಲಿ ಸಿಗುತ್ತವೆ. ಹುಕ್ಕೇರಿಗೆ ಹೋದರೆ ಆದಿಲಶಾಹಿ ಕಾಲದ ಗುಮ್ಮಟಗಳು ದೂರದಿಂದಲೇ ಕಾಣುತ್ತವೆ.

ಇಷ್ಟೆಲ್ಲ ಕಲ್ಲುಗಳಲ್ಲಿ ಯಾರಿದ್ದಾರೆ ಎಂದು ನೋಡಿದರೆ ಅರಸ, ಸರದಾರ, ವೀರ, ಮುನಿ. ಉತ್ತು ಬಿತ್ತಿ, ಮಕ್ಕಳನ್ನು ಹಡೆದು ಸಾಕಿ, ಸುಮ್ಮನೆ ಸತ್ತವರು ಇಲ್ಲ. ಲಿಂಗಾಯತರು ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಗುರುವಾದರೆ ಗದ್ದುಗೆಯಾಗುತ್ತದೆ, ಒಕ್ಕಲಿಗನಾದರೆ ಹೊಲದ ಬದುವಿನಲ್ಲಿ ಒಂದು ಗುಡ್ಡೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ನೇಗಿಲು ಅದರ ಮೇಲೆ ಹಾಯುತ್ತದೆ. ಸುಡುವ ಪದ್ಧತಿಯವರಲ್ಲಿ ಅಷ್ಟೂ ಉಳಿಯುವುದಿಲ್ಲ.

ಚರ್ಚಿನ ಪುಸ್ತಕ ಅಲ್ಲಿ ಮಾಡುವ ಕೆಲಸವನ್ನು ನಮ್ಮ ಈ ಸೀಮೆಯಲ್ಲಿ ಮಾಡಿಕೊಂಡು ಬಂದವರು ಹೆಳವರು.

ಹಳಗನ್ನಡದಲ್ಲಿ ‘ಪೆಳವ’ ಎಂದರೆ ಕುಂಟ. ಅದೇ ಹೆಳವ ಆಯಿತು. ಕಾಲಿಲ್ಲದ ಒಬ್ಬನಿಗೆ ಬಸವಣ್ಣನವರು ಒಂದು ಎತ್ತು ಕೊಟ್ಟು, ಒಕ್ಕಲು ಮನೆಗಳ ಕುಲ ಹೇಳಿ ಬದುಕು ಎಂದು ಹರಸಿದರು ಎಂಬ ಕಥೆಯನ್ನು ಅವರು ತಮ್ಮ ಮೂಲದ ಬಗ್ಗೆ ಹೇಳಿಕೊಳ್ಳುತ್ತಾರೆ. ಎತ್ತಿನ ಮೇಲೆ ಕುಳಿತು, ಕಾಲಿನ ಮೇಲೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುವ ಹೆಳವನ ಚಿತ್ರ ಆ ಕಥೆಯಿಂದಲೇ ಬಂದದ್ದು. ತೆಲುಗು ನಾಡಿನಲ್ಲಿ ಇದೇ ಕೆಲಸ ಮಾಡುವವರಿಗೆ ಪಿಚ್ಚಿಗುಂಟ್ಲವರು ಎನ್ನುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ತಂದ ಏಳು ಸಂಪುಟಗಳ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶದಲ್ಲಿ ಈ ಎರಡು ಹೆಸರುಗಳನ್ನೂ ಜೋಡಿಸಿ ಹೇಳಲಾಗಿದೆ. ರಾಜಸ್ಥಾನದಲ್ಲಿ ಭಾಟರು, ಹರಿದ್ವಾರದಲ್ಲಿ ಪಂಡಾಗಳು ಹೀಗೆಯೇ ಮನೆತನಗಳ ಬಹಿಗಳನ್ನು ಇಟ್ಟಿದ್ದಾರೆ. ಒಂದು ವ್ಯತ್ಯಾಸವಿದೆ. ಹರಿದ್ವಾರದ ಪುಸ್ತಕ ನೋಡಲು ನಾವು ಅಲ್ಲಿಗೆ ಹೋಗಬೇಕು. ಹೆಳವರ ಪುಸ್ತಕ ನಮ್ಮ ಬಾಗಿಲಿಗೆ ಬರುತ್ತದೆ.

ಬರುವ ರೀತಿಗೊಂದು ಕ್ರಮವಿದೆ. ಯಾವ ಊರಿನ ಯಾವ ಮನೆಗಳು ಯಾವ ಹೆಳವ ಮನೆತನಕ್ಕೆ ಸೇರಿದವು ಎಂಬುದು ತಲೆಮಾರುಗಳಿಂದ ಗೊತ್ತುಮಾಡಿದ್ದು. ಹೆಳವ ಅಣ್ಣತಮ್ಮಂದಿರು ಬೇರೆಯಾದಾಗ ಒಕ್ಕಲು ಮನೆಗಳೂ ಹಂಚಿಕೆಯಾಗುತ್ತವೆ, ಹೊಲ ಹಂಚಿಕೊಂಡ ಹಾಗೆ. ಹಿಂದೆ ಎತ್ತು, ಆಮೇಲೆ ಚಕ್ಕಡಿ, ಈಗ ಮೋಟಾರ್ ಸೈಕಲ್. ಬೆಳಗಿನ ಹೊತ್ತು ಮನೆಯ ಮುಂದೆ ನಿಂತು ಮೂಲಪುರುಷನಿಂದ ಶುರುಮಾಡಿ ಗಟ್ಟಿಯಾಗಿ ಹೇಳುತ್ತಾರೆ: ಮೂಲ ಊರು ಯಾವುದು, ಬೆಡಗು ಯಾವುದು, ಮನೆದೇವರು ಯಾರು, ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾರ ಕವಲು ಎಲ್ಲಿಗೆ ಹೋಯಿತು. ಓಣಿಯ ಜನ ಕೂಡುತ್ತಾರೆ. ಹೇಳಿ ಮುಗಿದ ಮೇಲೆ ಕಳೆದ ಸಲ ಬಂದು ಹೋದ ನಂತರ ಮನೆಯಲ್ಲಿ ಹುಟ್ಟಿದವರು, ಸತ್ತವರ ಹೆಸರು ಕೇಳಿ ಪುಸ್ತಕಕ್ಕೆ ಸೇರಿಸುತ್ತಾರೆ. ಮನೆಯವರು ಜೋಳ, ಗೋಧಿ, ದುಡ್ಡು ಕೊಡುತ್ತಾರೆ. ಅನುಕೂಲಸ್ಥರು ಹಿಂದೆ ಆಕಳನ್ನೋ ಹಿತ್ತಾಳೆಯ ಪಾತ್ರೆಯನ್ನೋ ಕೊಡುತ್ತಿದ್ದರು.

ಈ ಪುಸ್ತಕ ಯಾಕೆ ಬೇಕಾಯಿತು ಎಂಬುದು ಈ ಕಡೆಯ ಅಡ್ಡಹೆಸರುಗಳನ್ನು ನೋಡಿದರೆ ತಿಳಿಯುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಅಡ್ಡಹೆಸರು ಸ್ಥಿರವಾಗಿ ನಿಲ್ಲುವುದಿಲ್ಲ. ಬೇರೆ ಊರಿಗೆ ಹೋದವರಿಗೆ ಬಿಟ್ಟು ಬಂದ ಊರಿನ ಹೆಸರು ಅಂಟುತ್ತದೆ. ಗೌಡಿಕೆ ಸಿಕ್ಕವನು ಪಾಟೀಲ, ಸಿಗದ ತಮ್ಮ ಇನ್ನೇನೋ. ಮೂರು ತಲೆಮಾರಿನ ಮೇಲೆ ಒಂದೇ ಮನೆಯ ಮೂರು ಕವಲುಗಳಿಗೆ ಮೂರು ಅಡ್ಡಹೆಸರು. ಇವರೆಲ್ಲ ಒಂದೇ ರಕ್ತದವರು ಎಂದು ಹೇಳುವ ಬೇರೆ ಕಾಗದ ಇರುವುದಿಲ್ಲ. ಇಂಗ್ಲಿಷ್ ಹುಡುಕಾಟಗಾರ ಅಡ್ಡಹೆಸರು ಹಿಡಿದು ಹಿಂದಕ್ಕೆ ಹೋಗುತ್ತಾನೆ. ನಾವು ಹಾಗೆ ಹೋದರೆ ಅಜ್ಜನ ಕಾಲಕ್ಕೇ ದಾರಿ ತಪ್ಪುತ್ತದೆ.

ಹಾಗಾದರೆ ಹೆಳವರು ಹೇಳಿದ್ದೆಲ್ಲ ಇತಿಹಾಸವೇ? ಇಲ್ಲಿ ಎಚ್ಚರ ಬೇಕು. ಗೋರಿಗಲ್ಲನ್ನು ಕೂಡ ಕಣ್ಣುಮುಚ್ಚಿ ನಂಬುವಂತಿಲ್ಲ. ಸತ್ತು ಎಷ್ಟೋ ವರ್ಷದ ಮೇಲೆ ಮಕ್ಕಳು ಕಲ್ಲು ನಿಲ್ಲಿಸಿದಾಗ ವಯಸ್ಸು ಅಂದಾಜಿನದಾಗುತ್ತದೆ. ಜ್ಞಾನಸ್ನಾನದ ದಿನ ಹುಟ್ಟಿದ ದಿನವಲ್ಲ. ಹೆಳವರ ಪುಸ್ತಕಕ್ಕೂ ಅದರದೇ ಆದ ತೊಡಕುಗಳಿವೆ.

ಮೊದಲನೆಯದು ಕಾಲ. ಪುಸ್ತಕದಲ್ಲಿ ತಲೆಮಾರು ಇರುತ್ತದೆ, ಇಸವಿ ಇರುವುದು ಅಪರೂಪ. ಇದ್ದರೆ ಸಂವತ್ಸರದ ಹೆಸರು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ‘ಧಾತು ಸಂವತ್ಸರದಲ್ಲಿ ಊರು ಬಿಟ್ಟರು’ ಎಂದು ಇದ್ದರೆ ಅದು 1816 ಆಗಬಹುದು, 1876 ಆಗಬಹುದು, 1936 ಕೂಡ ಆಗಬಹುದು. ಆಗ ತಲೆಮಾರು ಎಣಿಸಬೇಕು. ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ, ಊರು ಬಿಟ್ಟವನು ಇಂದಿನ ಐವತ್ತರ ಪ್ರಾಯದವನಿಗೆ ನಾಲ್ಕು ತಲೆಮಾರು ಹಿಂದಿನವನಾದರೆ 1876ರ ಹತ್ತಿರ ಬರುತ್ತೇವೆ. 1876ರಿಂದ 78ರವರೆಗೆ ಈ ಸೀಮೆಯನ್ನು ಬಡಿದದ್ದು ದೊಡ್ಡ ಬರ. ಹಳೆಯರು ಅದನ್ನು ಧಾತು ಈಶ್ವರ ಸಂವತ್ಸರಗಳ ಹೆಸರಿನಲ್ಲೇ ನೆನೆಯುತ್ತಿದ್ದರು. 1881ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಹಿಂದಿನ ಗಣತಿಗಿಂತ ಕಡಿಮೆಯಾಗಿತ್ತು. ಊರು ಬಿಟ್ಟವರು ಯಾಕೆ ಬಿಟ್ಟರು ಎಂಬುದು ಪುಸ್ತಕದಲ್ಲಿ ಇಲ್ಲದಿದ್ದರೂ ಈಗ ನಮಗೆ ಅರ್ಥವಾಗುತ್ತದೆ.

ಎರಡನೆಯದು ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಮಲ್ಲಪ್ಪ. ಹಳೆಯ ಪುಸ್ತಕ ಜೀರ್ಣವಾಗಿ ಹೊಸದಕ್ಕೆ ನಕಲು ಮಾಡುವಾಗ ಎರಡು ಬಸಪ್ಪಗಳು ಒಂದಾಗಿಬಿಟ್ಟರೆ ಐವತ್ತು ವರ್ಷ ಮಾಯ. ಮೂರನೆಯದು ಲಿಪಿ. ಈ ಭಾಗ ಮರಾಠರ ಆಳಿಕೆಯಲ್ಲಿದ್ದು ಆಮೇಲೆ ಮುಂಬಯಿ ಇಲಾಖೆಗೆ ಸೇರಿದ್ದು. ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿ ಸಿಗುತ್ತವೆ. ಇಂದು ಮೋಡಿ ಓದಬಲ್ಲವರನ್ನು ಹುಡುಕುವುದೇ ಒಂದು ಸಂಶೋಧನೆ.

ಆದ್ದರಿಂದ ಹೆಳವರ ಮಾತನ್ನು ಬೇರೆ ಕಾಗದಗಳ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಕಾಗದ ಹೊಲದ ಉತಾರ. ಅದರ ಹಿಂದೆ ವಾರಸಾ ವರ್ದಿಗಳಿರುತ್ತವೆ. ಹೊಲದ ಮಾಲಕ ಸತ್ತಾಗ ವಾರಸುದಾರರು ಯಾರು ಎಂದು ಬರೆದ ನಮೂದುಗಳು ಅವು. ಮುಂಬಯಿ ಇಲಾಖೆಯಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಹಾಗಾಗಿ ಅದೃಷ್ಟವಿದ್ದರೆ ನೂರು ವರ್ಷ ಹಿಂದಿನ ಒಬ್ಬ ಮುತ್ಯಾ ಸತ್ತ ವರ್ಷ ಅಲ್ಲಿ ಸಿಗುತ್ತದೆ. ಶಾಲೆಯ ದಾಖಲಾತಿ ಪುಸ್ತಕವೂ ನೆರವಾಗುತ್ತದೆ. ಆದರೆ ಅದರ ಹುಟ್ಟಿದ ತಾರೀಖು ನೋಡಿ ನಗು ಬರುತ್ತದೆ. ಮಾಸ್ತರರು ಅಂದಾಜಿನಿಂದ ಬರೆದುಕೊಂಡ ಜೂನ್ 1 ನಮ್ಮ ಎಷ್ಟು ಜನ ಹಿರಿಯರ ಹುಟ್ಟುಹಬ್ಬವಾಗಿದೆಯೋ! ಹುಡುಕುವವರು ಇನ್ನೊಂದು ಸಂಗತಿ ನೆನಪಿಡಬೇಕು. ಮೂಡಲಗಿ ಈಚಿನವರೆಗೂ ಗೋಕಾಕ ತಾಲೂಕಿನಲ್ಲಿತ್ತು. ಬೆಳಗಾವಿ ಜಿಲ್ಲೆಯೇ 1836ರಲ್ಲಿ ಧಾರವಾಡದಿಂದ ಬೇರೆಯಾದದ್ದು. ಊರು ಇದ್ದಲ್ಲೇ ಇದ್ದರೂ ಅದರ ದಫ್ತರ ಊರೂರು ತಿರುಗಿರುತ್ತದೆ.

ಇಷ್ಟು ಕಷ್ಟಪಟ್ಟು ಮುತ್ಯಾನ ಅಪ್ಪನ ಹೆಸರು ಹುಡುಕಿ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ವಂಶಾವಳಿ ಬರೀ ಹೆಮ್ಮೆಯ ಮಾತಲ್ಲ. ಕಿತ್ತೂರಿನ ಯುದ್ಧ ಶುರುವಾದದ್ದೇ ಒಂದು ವಂಶಾವಳಿಯ ಪ್ರಶ್ನೆಯಿಂದ. ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1824ರಲ್ಲಿ ಮಕ್ಕಳಿಲ್ಲದೆ ಸತ್ತ. ಅವನು ದತ್ತಕ ತೆಗೆದುಕೊಂಡ ಶಿವಲಿಂಗಪ್ಪ ನಿಜವಾದ ವಾರಸುದಾರ ಹೌದೋ ಅಲ್ಲವೋ ಎಂಬುದನ್ನು ಥ್ಯಾಕರೆ ಒಪ್ಪಲಿಲ್ಲ. ಚೆನ್ನಮ್ಮ ಒಪ್ಪಿಸಲು ಬಿಡಲಿಲ್ಲ. ಮನೆಯ ಮರದಲ್ಲಿ ಒಂದು ಟೊಂಗೆ ಇದೆಯೇ ಇಲ್ಲವೇ ಎಂಬ ವಾದ ಕೋಟೆಯ ಬಾಗಿಲಲ್ಲಿ ತೀರ್ಮಾನವಾಯಿತು.

ಸಣ್ಣ ಮನೆಗಳಲ್ಲಿ ಅದೇ ವಾದ ಕೋರ್ಟಿನಲ್ಲಿ ತೀರ್ಮಾನವಾಗುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 32ನೇ ಕಲಮು ನನಗೆ ಬಹಳ ಕುತೂಹಲದ್ದೆನಿಸಿದೆ. ಸತ್ತವರ ನಡುವೆ ರಕ್ತದ, ಮದುವೆಯ, ದತ್ತಕದ ಸಂಬಂಧ ಇತ್ತು ಎಂದು ತೋರಿಸಲು ಯಾವುದನ್ನು ಸಾಕ್ಷಿಯಾಗಿ ನೋಡಬಹುದು ಎಂದು ಅದು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಮನೆತನದ ವಂಶಾವಳಿ ಮತ್ತು ಗೋರಿಗಲ್ಲು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿವೆ. ಒಂದು ಷರತ್ತಿದೆ: ಆ ಬರಹ ಜಗಳ ಹುಟ್ಟುವುದಕ್ಕಿಂತ ಮೊದಲೇ ಆಗಿರಬೇಕು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನು ಕೂಡ ಇದನ್ನು ಉಳಿಸಿಕೊಂಡಿದೆ. ಇಂಗ್ಲಿಷರು ತಮ್ಮ ಚರ್ಚಿನ ಅಂಗಳವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಾಲು ಅದು. ಆದರೆ ಜಗಳವಿಲ್ಲದ ಕಾಲದಲ್ಲಿ, ಓಣಿಯ ಜನರೆಲ್ಲ ಕೇಳುವಂತೆ ಹೇಳಿ ಬರೆದುಕೊಳ್ಳುವ ಪುಸ್ತಕಕ್ಕೂ ಆ ಷರತ್ತಿನ ತರ್ಕ ಸರಿಯಾಗಿ ಹೊಂದುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಪುಸ್ತಕದಲ್ಲಿ ಇರುವವರ ಬಗ್ಗೆ. ಇಲ್ಲದವರ ಬಗ್ಗೆ ಹೇಳದಿದ್ದರೆ ಇದು ಅರ್ಧ ಮಾತಾಗುತ್ತದೆ.

ಹೆಳವರ ಪುಸ್ತಕ ಗಂಡುಮಕ್ಕಳ ದಾರಿ ಹಿಡಿದು ಸಾಗುತ್ತದೆ. ಮಗಳ ಹೆಸರು ಬಂದರೂ ಅವಳ ಮಕ್ಕಳು ಆ ಪುಟದಲ್ಲಿ ಮುಂದುವರಿಯುವುದಿಲ್ಲ. ಅವರು ಇನ್ನೊಂದು ಮನೆಯ ಪುಸ್ತಕಕ್ಕೆ ಸೇರಿದವರು. ಅಲ್ಲಿ ಅವಳು ಬಂದರೆ ಯಾರದೋ ಹೆಂಡತಿಯಾಗಿ, ಯಾರದೋ ತಾಯಿಯಾಗಿ ಬರಬೇಕು. ಹತ್ತು ತಲೆಮಾರಿನ ವಂಶಾವಳಿ ಎಂದು ನಾವು ಹೆಮ್ಮೆಪಡುವಾಗ ಹತ್ತು ಜನ ತಾಯಂದಿರಿಲ್ಲದ ಹತ್ತು ಜನ ಅಪ್ಪಂದಿರ ಪಟ್ಟಿಯನ್ನು ಹಿಡಿದಿರುತ್ತೇವೆ. ಇದರಲ್ಲಿ ಚರ್ಚಿನ ಪುಸ್ತಕವೇನೂ ಮೇಲಲ್ಲ. ಕಂಪನಿ ಕಾಲದ ದಂಡಿನ ಸಾಹೇಬನಿಗೂ ಈ ನೆಲದ ಹೆಣ್ಣಿಗೂ ಹುಟ್ಟಿದ ಮಗುವಿನ ಜ್ಞಾನಸ್ನಾನದ ನಮೂದಿನಲ್ಲಿ ತಂದೆಯ ಹೆಸರಿದ್ದು, ತಾಯಿಯನ್ನು ಹೆಸರಿಲ್ಲದೆ ಬರೀ ‘ದೇಶೀ ಹೆಂಗಸು’ ಎಂದು ಬರೆದ ಉದಾಹರಣೆಗಳಿವೆ. ಪಾದ್ರಿಯೂ ಹೆಳವನೂ ಬೇರೆ ಬೇರೆ ಭಾಷೆಯಲ್ಲಿ ಒಂದೇ ತಪ್ಪು ಮಾಡಿದ್ದಾರೆ.

ಈಗ ಈ ತಪ್ಪಿಗೆ ಬೆಲೆ ಇದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಷ್ಟೇ ಪಾಲುದಾರಳು. 2020ರಲ್ಲಿ ಸುಪ್ರೀಂ ಕೋರ್ಟು ಅದು ಅವಳ ಹುಟ್ಟಿನಿಂದಲೇ ಬಂದ ಹಕ್ಕು ಎಂದು ಸ್ಪಷ್ಟಮಾಡಿತು. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಲು ಹೋದವರಿಗೆ ಗೊತ್ತು, ಅಲ್ಲಿ ಹೆಣ್ಣುಮಕ್ಕಳ ಹೆಸರು ಬರಬೇಕು. ಅದನ್ನು ಬಿಟ್ಟು ವೃಕ್ಷ ಬರೆಸುವ ಪ್ರಯತ್ನಗಳೂ ನಡೆಯುತ್ತವೆ, ಅದರಿಂದ ಮೊಕದ್ದಮೆಗಳೂ ಹುಟ್ಟುತ್ತವೆ. ಹೆಳವರ ಪುಸ್ತಕದ ಹಳೆಯ ರೂಢಿ ಮತ್ತು ನಾಡಕಚೇರಿಯ ಹೊಸ ನಮೂನೆ ಒಂದೇ ಮನೆಯ ಎರಡು ಬೇರೆ ಬೇರೆ ಮರಗಳನ್ನು ಬರೆಯುತ್ತಿವೆ. ಒಂದರಲ್ಲಿ ಅಕ್ಕತಂಗಿಯರಿಲ್ಲ, ಇನ್ನೊಂದರಲ್ಲಿ ಇದ್ದಾರೆ.

ಇನ್ನು ಯಾವ ಪುಸ್ತಕದಲ್ಲೂ ಇಲ್ಲದವರು. ಹೆಳವರು ಹೋಗುವುದು ತಮಗೆ ಆಯ ಕೊಡುವ ಒಕ್ಕಲು ಮನೆಗಳಿಗೆ. ಹೊಲವಿಲ್ಲದವರ, ಕೇರಿಯ ಹೊರಗಿಟ್ಟವರ ಮನೆಗಳ ಮುಂದೆ ಆ ಗಂಟೆ ಮೊಳಗಲಿಲ್ಲ. ಅವರಲ್ಲಿ ಕೆಲವರಿಗೆ ಮುಂದೆ ಮಿಶನ್ನಿನ ಚರ್ಚು ಬಂತು, ಪುಸ್ತಕ ಬಂತು. ಉಳಿದವರಿಗೆ ಹೊಲದ ಉತಾರವೂ ಇಲ್ಲ, ಬಹಳ ಕಾಲ ಶಾಲೆಯ ಪುಸ್ತಕವೂ ಇಲ್ಲ. ಅಜ್ಜಿ ಹೇಳಿದ ಮಾತು ಬಿಟ್ಟರೆ ಅವರಿಗೆ ದಫ್ತರವಿಲ್ಲ. ಪೂರ್ವಜರನ್ನು ಹುಡುಕುವ ಕೆಲಸ ಎಲ್ಲರಿಗೂ ಒಂದೇ ರೀತಿ ಸಿಗುವ ಸುಖವಲ್ಲ ಎಂಬುದನ್ನು ಇಂಥ ಕಡೆ ನಿಂತು ನೋಡಬೇಕು. ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಕೇಳಿಕೊಳ್ಳಬಹುದು. ಊರವರೆಲ್ಲರ ವಂಶ ಬರೆದಿಟ್ಟ ಹೆಳವರ ವಂಶವನ್ನು ಯಾವ ಮನೆಯವರು ಬರೆದಿಟ್ಟರು?

ಹೆಳವರ ಮಕ್ಕಳು ಈಗ ಶಾಲೆಗೆ ಹೋಗುತ್ತಾರೆ, ನೌಕರಿ ಹುಡುಕುತ್ತಾರೆ. ಅದು ಆಗಬೇಕಾದದ್ದೇ. ಒಂದು ಸಮುದಾಯ ನಮ್ಮ ಅಜ್ಜಂದಿರ ಹೆಸರು ಕಾಯುವುದಕ್ಕಾಗಿ ಬಾಗಿಲಿಂದ ಬಾಗಿಲಿಗೆ ತಿರುಗುತ್ತಲೇ ಇರಲಿ ಎಂದು ಬಯಸುವುದು ನ್ಯಾಯವಲ್ಲ. ಆದರೆ ಪುಸ್ತಕಗಳು? ಹರಿದ್ವಾರದ ಬಹಿಗಳನ್ನು ಅಮೆರಿಕದ ಯೂಟಾದ ಒಂದು ವಂಶಾವಳಿ ಸಂಸ್ಥೆ ಹಿಂದೆಯೇ ಮೈಕ್ರೋಫಿಲ್ಮ್ ಮಾಡಿಕೊಂಡಿತು. ನಮ್ಮ ಕಡೆ ಒಬ್ಬ ಹಿರಿಯ ಹೆಳವರು ತೀರಿಕೊಂಡರೆ ಅವರ ಪೆಟ್ಟಿಗೆಯಲ್ಲಿರುವುದು ಏನೆಂದು ಓದಬಲ್ಲವರು ಮನೆಯಲ್ಲಿ ಇಲ್ಲದೆ ಹೋಗಬಹುದು.

ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರಾಯಿತು ಎನ್ನುವುದು ಸುಲಭ. ಆ ಪುಸ್ತಕ ಸರ್ಕಾರದ ಕಾಗದವಲ್ಲ, ಒಂದು ಕುಟುಂಬದ ಹೊಟ್ಟೆಪಾಡು. ಚರ್ಚಿನ ಪುಸ್ತಕವನ್ನು ಪಾದ್ರಿ ಬರೆದದ್ದು ಸಂಬಳಕ್ಕೆ. ಹೆಳವರು ಬರೆದದ್ದು ನಾವು ಕೊಟ್ಟ ಜೋಳಕ್ಕೆ. ಪುಟವೆಲ್ಲ ಫೋನಿಗೆ ಬಂದುಬಿಟ್ಟರೆ ಮುಂದಿನ ಸುಗ್ಗಿಗೆ ಅವರು ಬರಬೇಕಾದ ಕಾರಣವೇ ಇಲ್ಲ. ನಕಲು ಬೇಕಾದವರು ಅವರ ಒಪ್ಪಿಗೆ ಕೇಳಬೇಕು, ತಲೆಮಾರುಗಳ ದುಡಿಮೆಗೆ ತಕ್ಕ ಬೆಲೆ ಕೊಡಬೇಕು. ವಿಶ್ವವಿದ್ಯಾಲಯಗಳು ಈ ಕೆಲಸಕ್ಕೆ ಕೈ ಹಾಕುವುದಾದರೆ ಹೆಳವ ಮನೆತನದ ಓದಿದ ಹುಡುಗ ಹುಡುಗಿಯರನ್ನೇ ಅದಕ್ಕೆ ನೇಮಿಸಿಕೊಳ್ಳುವುದು ಮರ್ಯಾದೆಯ ದಾರಿ.

ಧಾರವಾಡದ ಥ್ಯಾಕರೆಯ ಕಲ್ಲಿಗೆ ಅವನು ಸತ್ತ ದಿನ ಗೊತ್ತು. ಅದಕ್ಕಿಂತ ಮುಂದಿನದು ಅದಕ್ಕೆ ಬೇಡ. ಹೆಳವರ ಪುಸ್ತಕಕ್ಕೆ ಯಾರು ಯಾವಾಗ ಸತ್ತರೆಂಬುದು ಸರಿಯಾಗಿ ಗೊತ್ತಿಲ್ಲ. ಆದರೆ ಅದರ ಪ್ರತಿ ಪುಟದ ಕೊನೆಗೆ ಮುಂದೆ ಹುಟ್ಟುವವರಿಗಾಗಿ ಜಾಗ ಇರುತ್ತದೆ. ಮುಂದಿನ ಸಲ ಮನೆಯ ಮುಂದೆ ಬಂದು ನಿಂತು ‘ಹೊಸಾ ಹೆಸರು ಹೇಳ್ರೆಪ್ಪಾ’ ಎಂದು ಅವರು ಕೇಳಿದಾಗ ಆ ಜಾಗದಲ್ಲಿ ಮಗನ ಹೆಸರಿನ ಜೊತೆ ಮಗಳ ಹೆಸರನ್ನೂ, ಅವಳ ಮಕ್ಕಳ ಹೆಸರನ್ನೂ ಬರೆಸಬಹುದು. ಹಾಗೆ ಬರೆಯುವುದು ರೂಢಿಯಿಲ್ಲವೆಂದು ಅವರು ಅನ್ನಬಹುದು. ಬರೆಸುವವರು ಮನೆಯವರು. ಜೋ‌ಳ ಕೊಡುವವರೂ ಮನೆಯವರೇ.